ಇಂಗ್ಲಿಷ್ ಗೀತೆಗಳ ಅಪರಿಚಿತ ಪದಗಳು: ಅರ್ಥನಿರ್ಣಯದ ನೆಲೆಗಳು

೧. ಪ್ರವೇಶ

ಕಾವ್ಯದ ಓದುಗನಿಗೂ ಹಾಡಿನ ಕೇಳುಗನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಓದುಗನಿಗೆ ತಿಳಿಯದ ಪದವೊಂದು ಎದುರಾದರೆ ಅವನು ಅಲ್ಲಿ ನಿಲ್ಲಬಲ್ಲ, ಹಿಂದಿನ ಪುಟಕ್ಕೆ ಮರಳಬಲ್ಲ. ಹಾಡು ಕೇಳುಗನಿಗಾಗಿ ನಿಲ್ಲುವುದಿಲ್ಲ. ರಾಗಲಯಗಳು ಮುಂದೆ ಸಾಗುತ್ತಿರುವಾಗ, ಕಿವಿ ತನಗೆ ಗೊತ್ತಿರುವ ಪದವೊಂದನ್ನು ಗೊತ್ತಿಲ್ಲದ ಪದದ ಜಾಗದಲ್ಲಿ ಕೂರಿಸಿಕೊಂಡು ಮುಂದುವರಿಯುತ್ತದೆ. ಹೀಗಾಗಿ ಗೀತೆಯ ಅಪರಿಚಿತ ಪದ ಅಪರಿಚಿತವಾಗಿ ಉಳಿಯದೆ ಪರಿಚಿತ ಪದದ ವೇಷ ತೊಡುತ್ತದೆ. ಗೀತೆಗಳ ಅರ್ಥನಿರ್ಣಯದ ಮೂಲ ಸಮಸ್ಯೆ ಇರುವುದು ಇಲ್ಲಿಯೇ.

ಕನ್ನಡದ ಮಟ್ಟಿಗೆ ಇದು ಕೇವಲ ಕುತೂಹಲದ ವಿಷಯವಲ್ಲ. ಬಿ.ಎಂ.ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (೧೯೨೬) ಸಂಕಲನದಿಂದ ಮೊದಲುಗೊಂಡು ಇಂಗ್ಲಿಷ್ ಗೀತೆಗಳೊಡನೆ ನಡೆದ ಸಂವಾದ ನವೋದಯ ಕಾವ್ಯದ ಚರಿತ್ರೆಯ ಒಂದು ಭಾಗವೇ ಆಗಿದೆ. ತೌಲನಿಕ ಅಧ್ಯಯನ, ಅನುವಾದ ಅಧ್ಯಯನಗಳಲ್ಲಿ ತೊಡಗಿದವರು ಮೂಲಗೀತೆಗಳಿಗೆ ಮತ್ತೆ ಮತ್ತೆ ಮರಳಬೇಕಾಗುತ್ತದೆ. ಆದರೆ ‘ಇಂಗ್ಲಿಷ್ ಗೀತೆ’ ಎಂಬ ಒಂದೇ ಹೆಸರಿನ ಅಡಿಯಲ್ಲಿ ಸ್ಕಾಟ್‌ಲೆಂಡಿನ ನುಡಿ, ಆಸ್ಟ್ರೇಲಿಯದ ಕೂಲಿಕಾರರ ಆಡುಮಾತು, ಹದಿನೆಂಟನೆಯ ಶತಮಾನದ ಲಂಡನ್ನಿನ ಗೇಲಿಮಾತು ಎಲ್ಲವೂ ಸೇರಿಕೊಂಡಿರುತ್ತವೆ. ತಿಳಿಯದ ಪದಕ್ಕಿಂತ ತಿಳಿದಂತೆ ತೋರುವ ಪದವೇ ಹೆಚ್ಚು ದಾರಿ ತಪ್ಪಿಸುತ್ತದೆ. ಆದುದರಿಂದ ನಿಘಂಟನ್ನು ತೆರೆಯುವ ಮೊದಲೇ ಪಾಠ, ಪದವಿಭಾಗ, ದೇಶಕಾಲಗಳನ್ನು ನಿರ್ಧರಿಸಿಕೊಳ್ಳಬೇಕು ಎಂಬುದನ್ನು ಕೆಲವು ಪ್ರಸಿದ್ಧ ಗೀತೆಗಳ ಮೂಲಕ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

೨. ಕಿವಿ ಕಟ್ಟುವ ಪಾಠ

ತಪ್ಪಾಗಿ ಕೇಳಿಸಿಕೊಂಡ ಗೀತಭಾಗಕ್ಕೆ ಇಂಗ್ಲಿಷಿನಲ್ಲಿ ‘ಮಾಂಡೆಗ್ರೀನ್’ ಎಂಬ ಹೆಸರಿದೆ. ಇದನ್ನು ಟಂಕಿಸಿದವರು ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್. ‘ಹಾರ್ಪರ್ಸ್ ಮ್ಯಾಗಜೀನ್’ನಲ್ಲಿ ೧೯೫೪ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ತಮ್ಮ ಬಾಲ್ಯದ ಪ್ರಸಂಗವೊಂದನ್ನು ಹೇಳಿದ್ದಾರೆ. ಸ್ಕಾಟ್‌ಲೆಂಡಿನ ಮರೆ ಪ್ರಾಂತದ ಅರ್ಲ್‌ನ ಕೊಲೆಯನ್ನು ಕುರಿತ ಲಾವಣಿಯನ್ನು ತಾಯಿ ಓದಿ ಹೇಳುತ್ತಿದ್ದಾಗ, ಕೊಂದವರು ಅವನ ದೇಹವನ್ನು ಹುಲ್ಲುನೆಲದ ಮೇಲೆ ಮಲಗಿಸಿದರು ಎಂಬ ಅರ್ಥದ ಪದಗಳು ಮಗುವಿನ ಕಿವಿಗೆ ‘ಲೇಡಿ ಮಾಂಡೆಗ್ರೀನ್’ ಎಂದು ಕೇಳಿಸಿದವು. ಅರ್ಲ್‌ನ ಜೊತೆಯಲ್ಲಿಯೇ ಪ್ರಾಣಬಿಟ್ಟ ಕುಲೀನ ಸ್ತ್ರೀಯೊಬ್ಬಳು ಮಗುವಿನ ಕಲ್ಪನೆಯಲ್ಲಿ ಹುಟ್ಟಿಕೊಂಡಳು. ಇಲ್ಲಿ ಗಮನಿಸಬೇಕಾದುದೆಂದರೆ, ತಪ್ಪು ಪಾಠಕ್ಕೂ ಅದರದೇ ಆದ ಅರ್ಥಸಾಂಗತ್ಯವಿದೆ. ಸಂದರ್ಭಕ್ಕೆ ಹೊಂದುತ್ತದೆ ಎಂಬ ಕಾರಣಕ್ಕೆ ಮಾತ್ರ ಪಾಠವೊಂದನ್ನು ಒಪ್ಪಲಾಗದು ಎಂಬುದಕ್ಕೆ ಇದು ನಿದರ್ಶನ.

ಇಂತಹ ತಪ್ಪು ವ್ಯಕ್ತಿಯೊಬ್ಬರ ಕಿವಿಯಲ್ಲಿ ಮಾತ್ರ ನಡೆಯುವುದಿಲ್ಲ. ಅಚ್ಚಾದ ಪಾಠವನ್ನೂ ಬದಲಿಸುತ್ತದೆ. ಕ್ರಿಸ್ಮಸ್ಸಿನ ಹನ್ನೆರಡು ದಿನಗಳ ಉಡುಗೊರೆಗಳನ್ನು ಎಣಿಸುವ ಪ್ರಸಿದ್ಧ ಗೀತೆ ಲಂಡನ್ನಿನಲ್ಲಿ ೧೭೮೦ರ ಸುಮಾರಿಗೆ ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾಯಿತು. ಅದರಲ್ಲಿ ನಾಲ್ಕನೆಯ ದಿನದ ಹಕ್ಕಿಗಳಿಗಿದ್ದ ವಿಶೇಷಣ ‘ಕಾಲಿ’. ಕಲ್ಲಿದ್ದಲು ಎಂಬರ್ಥದ ಪದದಿಂದ ಬಂದ ಇದಕ್ಕೆ ಮಸಿಯಂತೆ ಕಪ್ಪಾದ ಎಂದರ್ಥ. ಈ ಪದ ಬಳಕೆಯಿಂದ ಜಾರಿದ ಮೇಲೆ ಹಾಡುವವರು ಬೇರೆ ಬೇರೆ ಪದಗಳನ್ನು ಆ ಜಾಗದಲ್ಲಿ ತಂದರು. ಫ್ರೆಡರಿಕ್ ಆಸ್ಟಿನ್ ೧೯೦೯ರಲ್ಲಿ ಪ್ರಕಟಿಸಿದ ಸಂಗೀತಪಾಠದಲ್ಲಿ ಅದು ‘ಕಾಲಿಂಗ್’ ಎಂದಾಯಿತು. ಕರಿಯ ಹಕ್ಕಿಗಳು ಕೂಗುವ ಹಕ್ಕಿಗಳಾದವು. ಇಂದು ಬಹುಪಾಲು ಜನ ಹಾಡುವುದು ಈ ಎರಡನೆಯ ಪಾಠವನ್ನೇ.

ಕನ್ನಡ ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಇದು ಹೊಸದಲ್ಲ. ಲಿಪಿಕಾರನು ತನಗೆ ತಿಳಿಯದ ಹಳೆಯ ರೂಪವನ್ನು ತಿಳಿದ ರೂಪಕ್ಕೆ ತಿದ್ದುತ್ತಾನೆ. ಆದ್ದರಿಂದ ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಹಲವು ವೇಳೆ ಪ್ರಾಚೀನವಾಗಿರುತ್ತದೆ ಎಂಬ ಸೂತ್ರ ಗ್ರಂಥಸಂಪಾದಕರಿಗೆಲ್ಲ ಪರಿಚಿತವಾದುದೇ. ಓಲೆಗರಿಯ ಲಿಪಿಕಾರನ ಕೆಲಸವನ್ನು ಹಾಡಿನಲ್ಲಿ ಗಾಯಕನ ನಾಲಗೆ, ಕೇಳುಗನ ಕಿವಿಗಳು ಮಾಡುತ್ತವೆ. ಭಾರತದ ಶಿಶುವಿಹಾರಗಳಲ್ಲಿ ಮಕ್ಕಳು ಕೈಕೈ ಹಿಡಿದು ಸುತ್ತುತ್ತ ಹಾಡುವ ಗುಲಾಬಿಯ ಹಾಡಿನ ‘ಹುಶಾ ಬುಶಾ’ ಎಂಬ ಮಾತು ಯಾವ ಇಂಗ್ಲಿಷ್ ನಿಘಂಟಿನಲ್ಲಿಯೂ ದೊರೆಯುವುದಿಲ್ಲ. ಇಂಗ್ಲೆಂಡಿನ ಪಾಠದಲ್ಲಿ ಆ ಜಾಗದಲ್ಲಿರುವುದು ‘ಅಟಿಶೂ’ ಎಂಬ ಸೀನಿನ ಅನುಕರಣಪದ. ಅಮೆರಿಕದ ಪಾಠದಲ್ಲಿ ಬೂದಿ ಎಂಬರ್ಥದ ‘ಆಶಸ್’.

೩. ಪದವಿಭಾಗದ ಸಮಸ್ಯೆ

ಪಾಠ ಖಚಿತವಾದ ಮೇಲೂ ಪದ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ಉಳಿಯಬಹುದು. ರಾಬರ್ಟ್ ಬರ್ನ್ಸ್ ೧೭೮೮ರಲ್ಲಿ ರೂಪಿಸಿದ, ಅವನ ಮರಣಾನಂತರ ೧೭೯೬ರಲ್ಲಿ ‘ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ’ ಸಂಪುಟದಲ್ಲಿ ಅಚ್ಚಾದ ‘ಆಲ್ಡ್ ಲ್ಯಾಂಗ್ ಸೈನ್’ ಇದಕ್ಕೆ ಒಳ್ಳೆಯ ಉದಾಹರಣೆ. ಶೀರ್ಷಿಕೆಯ ಮೂರು ಪದಗಳೂ ಸ್ಕಾಟ್ಸ್ ನುಡಿಯವು: ‘ಆಲ್ಡ್’ ಹಳೆಯ, ‘ಲ್ಯಾಂಗ್’ ದೀರ್ಘ, ‘ಸೈನ್’ ಹಿಂದೆ ಅಥವಾ ಅಂದಿನಿಂದ. ಮೂರೂ ಸೇರಿ ‘ಕಳೆದುಹೋದ ಹಳೆಯ ದಿನಗಳು’ ಎಂಬ ಭಾವವನ್ನು ಕೊಡುತ್ತವೆ.

ಇದೇ ಗೀತೆಯ ಕೊನೆಯ ಭಾಗದಲ್ಲಿ ‘ಗುಡ್‌ವಿಲಿ ವಾಖ್ಟ್’ ಎಂಬ ಪದಪುಂಜ ಬರುತ್ತದೆ. ‘ಗುಡ್‌ವಿಲಿ’ ಎಂದರೆ ಸದ್ಭಾವದ, ಮನಸಾರೆಯ. ‘ವಾಖ್ಟ್’ ಎಂದರೆ ದೊಡ್ಡ ಗುಟುಕು. ಸ್ನೇಹದಿಂದ ಕುಡಿಯುವ ತುಂಬು ಗುಟುಕು ಎಂಬುದು ತಾತ್ಪರ್ಯ. ಆದರೆ ಸಂಯೋಜಕ ಚಿಹ್ನೆಯನ್ನು ತಪ್ಪು ಸ್ಥಾನದಲ್ಲಿ ಇಟ್ಟು, ‘ಗುಡ್’ ಎಂಬುದನ್ನು ‘ಒಳ್ಳೆಯ’ ಎಂಬ ಬಿಡಿ ವಿಶೇಷಣವಾಗಿ ಬೇರ್ಪಡಿಸಿ, ‘ವಿಲಿವಾಖ್ಟ್’ ಎಂಬ ಪದವೊಂದನ್ನು ಓದುಗರು ಕಂಡುಕೊಂಡರು. ಹೀಗೆ ತಪ್ಪು ಪದಚ್ಛೇದದಿಂದ ಹುಟ್ಟಿದ ಈ ರೂಪ ನಿಘಂಟುಗಳನ್ನೂ ಪ್ರವೇಶಿಸಿತು. ಹಳಗನ್ನಡ ಪದ್ಯಗಳಲ್ಲಿ ಪದಚ್ಛೇದ ತಪ್ಪಿದಾಗ ಆಗುವ ಅನರ್ಥವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಘಂಟಿನಲ್ಲಿದೆ ಎಂಬುದು ಆ ಪದ ನಿಜವಾಗಿ ಬಳಕೆಯಲ್ಲಿತ್ತು ಎಂಬುದಕ್ಕೆ ಪೂರ್ಣ ಪ್ರಮಾಣವಲ್ಲ. ನಿಘಂಟು ಯಾವ ಪ್ರಯೋಗವನ್ನು ಆಧರಿಸಿದೆ ಎಂಬುದನ್ನೂ ನೋಡಬೇಕು.

೪. ಪರಿಚಿತ ರೂಪ, ಅಪರಿಚಿತ ಅರ್ಥ

ಮೇಲಿನ ಗೀತೆಯಲ್ಲಿಯೇ ಇನ್ನೂ ಸೂಕ್ಷ್ಮವಾದ ಎರಡು ಪದಗಳಿವೆ. ಡೇಸಿ ಹೂ ಎಂಬರ್ಥದ ‘ಗೌವನ್’ ಪದವನ್ನು ಕಂಡ ಓದುಗ ತನಗೆ ಅದು ತಿಳಿಯದೆಂದು ಒಪ್ಪಿಕೊಂಡು ನಿಘಂಟು ನೋಡುತ್ತಾನೆ. ‘ಬರ್ನ್’ ಎಂಬುದನ್ನು ಕಂಡಾಗ ಹಾಗೆ ನೋಡುವುದಿಲ್ಲ. ಸುಡು, ಉರಿ ಎಂಬ ಅರ್ಥ ಶಾಲೆಯಿಂದಲೇ ಗೊತ್ತಿರುತ್ತದೆ. ಸ್ಕಾಟ್ಸ್ ನುಡಿಯಲ್ಲಾದರೋ ಅದು ಹಳ್ಳ, ತೊರೆ. ಬಾಲ್ಯದ ಗೆಳೆಯರು ಜೊತೆಯಾಗಿ ಆಡಿದ್ದು ನೀರಿನಲ್ಲಿ. ಹಾಗೆಯೇ ಪಾನಪಾತ್ರೆಯ ಸಂದರ್ಭದಲ್ಲಿ ಬರುವ ‘ಬಿ’ ಎಂಬ ಕ್ರಿಯಾಪದಕ್ಕೆ ‘ಇರು’ ಎಂದಲ್ಲ, ‘ಹಣ ತೆರು’ ಎಂಬರ್ಥವಿದೆ: ನಿನ್ನ ಪಾತ್ರೆಯ ಬೆಲೆಯನ್ನು ನೀನು ಕೊಡು, ನನ್ನದನ್ನು ನಾನು ಕೊಡುತ್ತೇನೆ ಎಂಬ ಸಮಾನರ ಸ್ನೇಹದ ಮಾತು ಅದು. ೧೯೩೧ರಿಂದ ೧೯೭೬ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದ ಸ್ಕಾಟಿಷ್ ನ್ಯಾಷನಲ್ ಡಿಕ್ಷನರಿ ಇಂತಹ ಪದಗಳಿಗೆ ಅಗತ್ಯವಾದ ಆಕರ. ಸಾಮಾನ್ಯ ಇಂಗ್ಲಿಷ್ ನಿಘಂಟು ಇಲ್ಲಿ ಸಾಲದು.

ಅರ್ಥ ಪ್ರದೇಶದಿಂದ ಬದಲಾಗುವಂತೆ ಕಾಲದಿಂದಲೂ ಬದಲಾಗುತ್ತದೆ. ‘ಯಾಂಕಿ ಡೂಡಲ್’ ಗೀತೆಯ ನಾಯಕ ಟೋಪಿಗೆ ಗರಿ ಸಿಕ್ಕಿಸಿಕೊಂಡು ಅದನ್ನು ‘ಮ್ಯಾಕರೋನಿ’ ಎಂದು ಕರೆಯುತ್ತಾನೆ. ಇಂದಿನ ಓದುಗನಿಗೆ ಅದೊಂದು ತಿನಿಸು. ಆದ್ದರಿಂದ ಇಡೀ ಮಾತು ಅಸಂಬದ್ಧ ಪ್ರಲಾಪವೆನಿಸುತ್ತದೆ. ಆದರೆ ೧೭೬೦–೭೦ರ ದಶಕಗಳ ಇಂಗ್ಲೆಂಡಿನಲ್ಲಿ, ಇಟಲಿಯ ಪ್ರವಾಸ ಮುಗಿಸಿ ಬಂದು ಎತ್ತರದ ಕೃತಕ ಕೇಶವನ್ನೂ ಬಿಗಿಯಾದ ಆಡಂಬರದ ಉಡುಪನ್ನೂ ತೊಡುತ್ತಿದ್ದ ಶೋಕಿಲಾಲ ತರುಣರನ್ನು ‘ಮ್ಯಾಕರೋನಿ’ ಎಂದು ಹಾಸ್ಯ ಮಾಡುತ್ತಿದ್ದರು. ಒಂದು ಗರಿಯಿಂದಲೇ ತಾನು ಲಂಡನ್ನಿನ ಶೋಕಿಗಾರನಾದೆನೆಂದು ನಂಬುವ ವಸಾಹತಿನ ಹಳ್ಳಿಗನ ಗೇಲಿ ಇದು. ಬ್ರಿಟಿಷ್ ಸೈನಿಕರ ಬಾಯಲ್ಲಿ ಅಪಹಾಸ್ಯವಾಗಿದ್ದ ಹಾಡನ್ನು ಅಮೆರಿಕನ್ನರು ಸ್ವಾತಂತ್ರ್ಯಸಮರದ ಕಾಲದಲ್ಲಿ ತಮ್ಮದಾಗಿಸಿಕೊಂಡರು. ಈ ಒಂದು ಪದ ತಿಳಿಯದಿದ್ದರೆ ಗೀತೆಯ ವ್ಯಂಗ್ಯವೂ, ಆ ವ್ಯಂಗ್ಯವನ್ನು ಹೆಮ್ಮೆಯಾಗಿ ಮಾರ್ಪಡಿಸಿಕೊಂಡ ಚರಿತ್ರೆಯೂ ಕೈತಪ್ಪುತ್ತದೆ.

೫. ಪದ ಮತ್ತು ಲೋಕ: ‘ವಾಲ್ಟ್ಸಿಂಗ್ ಮಟಿಲ್ಡಾ’

ಬಿಡಿ ಪದಗಳಿಗಿಂತ ಒಂದು ಬದುಕಿನ ಪದಕೋಶವೇ ಅಪರಿಚಿತವಾಗಿರುವ ಗೀತೆಗಳೂ ಇವೆ. ಬ್ಯಾಂಜೊ ಪ್ಯಾಟರ್ಸನ್ ಎಂದು ಹೆಸರಾದ ಆಸ್ಟ್ರೇಲಿಯದ ಕವಿ ೧೮೯೫ರಲ್ಲಿ ಕ್ವೀನ್ಸ್‌ಲೆಂಡಿನ ವಿಂಟನ್ ಪಟ್ಟಣದ ಸಮೀಪದ ದಾಗ್ವರ್ತ್ ಎಂಬ ಕುರಿಸಾಕಣೆಯ ನೆಲೆಯಲ್ಲಿದ್ದಾಗ, ಕ್ರಿಸ್ಟಿನಾ ಮ್ಯಾಕ್‌ಫರ್ಸನ್ ನುಡಿಸಿದ ಮಟ್ಟಿಗೆ ‘ವಾಲ್ಟ್ಸಿಂಗ್ ಮಟಿಲ್ಡಾ’ವನ್ನು ರಚಿಸಿದನು. ಕಥೆ ಸರಳ. ಅಲೆಮಾರಿ ಕೂಲಿಯೊಬ್ಬ ಮಡುವಿನ ಬಳಿ ತಂಗಿ, ನೀರು ಕುಡಿಯಲು ಬಂದ ಕುರಿಯನ್ನು ಹಿಡಿಯುತ್ತಾನೆ. ಕುರಿಯ ಒಡೆಯ ಮೂವರು ಪೊಲೀಸರೊಡನೆ ಬರುತ್ತಾನೆ. ಸೆರೆಯಾಗಲೊಲ್ಲದ ಕೂಲಿ ಮಡುವಿಗೆ ಹಾರಿ ಸಾಯುತ್ತಾನೆ.

ಶೀರ್ಷಿಕೆಯನ್ನು ಕೇಳಿದವರು ಮಟಿಲ್ಡಾ ಎಂಬ ಹೆಣ್ಣು ವಾಲ್ಟ್ಸ್ ನೃತ್ಯ ಮಾಡುತ್ತಿದ್ದಾಳೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಇಲ್ಲಿ ಹೆಣ್ಣೂ ಇಲ್ಲ, ನೃತ್ಯವೂ ಇಲ್ಲ. ‘ಮಟಿಲ್ಡಾ’ ಎಂಬುದು ಅಲೆಮಾರಿ ಕೂಲಿ ಹೆಗಲಿಗೇರಿಸುವ ಹಾಸಿಗೆಬಟ್ಟೆಗಳ ಸುರುಳಿಗಂಟಿಗೆ ಇದ್ದ ಆಡುಹೆಸರು. ‘ವಾಲ್ಟ್ಸ್’ ಎಂಬುದನ್ನು, ಕಸುಬು ಕಲಿತ ಯುವಕರು ಊರೂರು ಅಲೆಯುವುದನ್ನು ಸೂಚಿಸುವ ಜರ್ಮನ್ ನುಡಿಗಟ್ಟಿನೊಡನೆ ಸಾಮಾನ್ಯವಾಗಿ ಸಂಬಂಧಿಸಲಾಗುತ್ತದೆ. ಗಂಟು ಹೊತ್ತು ಕೂಲಿಗಾಗಿ ಅಲೆಯುವುದು ಎಂಬುದೇ ಶೀರ್ಷಿಕೆಯ ಅರ್ಥ. ಆ ಗಂಟಿನ ಇನ್ನೊಂದು ಹೆಸರು ‘ಸ್ವಾಗ್’. ಅದನ್ನು ಹೊತ್ತವನು ‘ಸ್ವಾಗ್‌ಮನ್’.

ಉಳಿದ ಪದಗಳು ಬೇರೆ ಬೇರೆ ಮೂಲಗಳಿಂದ ಬಂದಿವೆ. ‘ಬಿಲ್ಲಬಾಂಗ್’ ನ್ಯೂ ಸೌತ್ ವೇಲ್ಸ್‌ನ ಮೂಲನಿವಾಸಿಗಳ ವಿರಾಜುರಿ ಭಾಷೆಯದು. ನದಿ ಪಾತ್ರ ಬದಲಿಸಿದಾಗ ಹಿಂದೆ ಉಳಿಯುವ ಮಡು ಎಂದರ್ಥ. ಮಡುವಿನ ದಂಡೆಯ ‘ಕೂಲಿಬಾ’ ಎಂಬ ನೀಲಗಿರಿ ಜಾತಿಯ ಮರದ ಹೆಸರೂ ಮೂಲನಿವಾಸಿಗಳ ಭಾಷೆಯಿಂದಲೇ ಬಂದುದು. ‘ಬಿಲಿ’ ನೀರು ಕಾಯಿಸುವ, ತಂತಿಯ ಹಿಡಿಯುಳ್ಳ ತಗಡಿನ ಪಾತ್ರೆ. ‘ಟಕರ್‌ಬ್ಯಾಗ್’ ಕನ್ನಡದ ಬುತ್ತಿಚೀಲ. ‘ಜಂಬಕ್’ ಎಂದರೆ ಕುರಿ; ಅರ್ಥ ಸ್ಪಷ್ಟವಿದ್ದರೂ ಅದರ ವ್ಯುತ್ಪತ್ತಿ ಇನ್ನೂ ವಿವಾದಾಸ್ಪದ. ಪ್ರಯೋಗಾರ್ಥವನ್ನು ನಿರ್ಧರಿಸಲು ವ್ಯುತ್ಪತ್ತಿ ಅನಿವಾರ್ಯವಲ್ಲ ಎಂಬುದನ್ನು ಇದು ತೋರಿಸುತ್ತದೆ.

ಇವೆಲ್ಲಕ್ಕಿಂತ ನಿರ್ಣಾಯಕವಾದ ಪದ ‘ಸ್ಕ್ವಾಟರ್’. ಇಂದಿನ ಸಾಮಾನ್ಯ ಇಂಗ್ಲಿಷಿನಲ್ಲಿ ಇದಕ್ಕೆ ಹಕ್ಕಿಲ್ಲದೆ ಜಾಗದಲ್ಲಿ ನೆಲೆಸಿದವನು ಎಂದರ್ಥ. ಮನಸ್ಸಿಗೆ ಬರುವ ಚಿತ್ರ ನಿರ್ಗತಿಕನದು. ಆಸ್ಟ್ರೇಲಿಯದಲ್ಲಿಯೂ ಪದದ ಆರಂಭ ಇದೇ ಆಗಿದ್ದಿತು. ಕರ್ನಾಟಕದ ‘ಬಗರ್‌ಹುಕುಂ’ ಎಂಬ ಕಂದಾಯ ಪರಿಭಾಷೆಯ ಹಾಗೆ, ಅಪ್ಪಣೆಯಿಲ್ಲದೆ ಸರ್ಕಾರಿ ಭೂಮಿಯನ್ನು ಹಿಡಿದವನನ್ನು ಅದು ಸೂಚಿಸುತ್ತಿತ್ತು. ಆದರೆ ನ್ಯೂ ಸೌತ್ ವೇಲ್ಸ್‌ನಲ್ಲಿ ೧೮೩೬ರಿಂದ ಇಂತಹ ಹಿಡುವಳಿಗಳಿಗೆ ಪರವಾನಗಿ ದೊರೆಯತೊಡಗಿ, ಕ್ರಮೇಣ ಇವರು ವಿಶಾಲ ಹುಲ್ಲುಗಾವಲುಗಳ ಸಿರಿವಂತ ಒಡೆಯರಾದರು. ಪದ ಉಳಿಯಿತು, ಪದದ ಹಿಂದಿನ ವರ್ಗ ಬದಲಾಯಿತು. ಗೀತೆಯಲ್ಲಿ ಪೊಲೀಸರನ್ನು ಕರೆತರಬಲ್ಲವನು ಈ ಒಡೆಯ. ಈ ಪದವನ್ನು ‘ಒತ್ತುವರಿದಾರ’ ಎಂದೋ ‘ಜೋಪಡಿವಾಸಿ’ ಎಂದೋ ಅನುವಾದಿಸಿದರೆ ಬಲಿಷ್ಠ, ದುರ್ಬಲರ ಸ್ಥಾನಗಳು ತಲೆಕೆಳಗಾಗುತ್ತವೆ. ಒಬ್ಬ ನಿರ್ಗತಿಕ ಇನ್ನೊಬ್ಬ ನಿರ್ಗತಿಕನ ಕುರಿ ಕದ್ದ ಕಥೆಯಾಗುತ್ತದೆ. ೧೮೯೧ ಮತ್ತು ೧೮೯೪ರಲ್ಲಿ ಕ್ವೀನ್ಸ್‌ಲೆಂಡಿನಲ್ಲಿ ಉಣ್ಣೆ ಕತ್ತರಿಸುವ ಕೆಲಸಗಾರರ ಮುಷ್ಕರಗಳು ನಡೆದಿದ್ದವು. ೧೮೯೪ರಲ್ಲಿ ದಾಗ್ವರ್ತ್‌ನ ಉಣ್ಣೆಕೊಟ್ಟಿಗೆಗೇ ಬೆಂಕಿ ಹಚ್ಚಲಾಗಿತ್ತು. ಗೀತೆ ಆ ಘಟನೆಯನ್ನೇ ಕುರಿತದ್ದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಒಡೆಯ ಮತ್ತು ಕೂಲಿಯ ನಡುವಿನ ಅಂದಿನ ಸಂಘರ್ಷವನ್ನು ಬದಿಗಿಟ್ಟು ಈ ಪದವನ್ನು ಅರ್ಥೈಸಲು ಸಾಧ್ಯವಿಲ್ಲ. ೧೯೮೮ರಲ್ಲಿ ಮೊದಲು ಪ್ರಕಟವಾಗಿ ೨೦೧೬ರಲ್ಲಿ ಪರಿಷ್ಕೃತಗೊಂಡ ಆಸ್ಟ್ರೇಲಿಯನ್ ನ್ಯಾಷನಲ್ ಡಿಕ್ಷನರಿ ಇಂತಹ ಪದಗಳ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಕೊಡುತ್ತದೆ ಎಂಬುದು ಸಂಶೋಧಕರಿಗೆ ಅನುಕೂಲಕರವಾದ ಸಂಗತಿ.

೬. ಆಕರ್ಷಕ ವಿವರಣೆಗಳ ಅಪಾಯ

ಪದ ತಿಳಿಯದಿದ್ದಾಗ ಅದಕ್ಕೊಂದು ಕಥೆ ಹುಟ್ಟಿಕೊಳ್ಳುತ್ತದೆ. ಮೇಲೆ ಹೇಳಿದ ಗುಲಾಬಿಯ ಹಾಡು ೧೬೬೫ರ ಲಂಡನ್ ಪ್ಲೇಗನ್ನು ಕುರಿತದ್ದು, ಸೀನು ರೋಗಲಕ್ಷಣ, ಬೀಳುವುದು ಸಾವು ಎಂಬ ವಿವರಣೆ ಬಹು ಜನಪ್ರಿಯ. ಆದರೆ ಇಂಗ್ಲೆಂಡಿನಲ್ಲಿ ಈ ಹಾಡು ಅಚ್ಚಾದುದು ೧೮೮೧ರಲ್ಲಿ, ಕೇಟ್ ಗ್ರೀನವೇಯ ಶಿಶುಗೀತೆಗಳ ಪುಸ್ತಕದಲ್ಲಿ. ಪ್ಲೇಗಿನ ವಿವರಣೆ ಪ್ರಚಾರಕ್ಕೆ ಬಂದುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಹಲವು ಹಳೆಯ ಪಾಠಗಳಲ್ಲಿ ಸೀನೇ ಇಲ್ಲ. ಶಿಶುಗೀತೆಗಳ ಪ್ರಮುಖ ಸಂಶೋಧಕರಾದ ಅಯೋನಾ ಮತ್ತು ಪೀಟರ್ ಓಪಿ ದಂಪತಿಗಳು ಈ ವಿವರಣೆಯನ್ನು ಒಪ್ಪಿಲ್ಲ.

ಬೆಂಗಳೂರು ಎಂಬ ಹೆಸರನ್ನು ‘ಬೆಂದಕಾಳೂರು’ ಎಂದು ಬಿಡಿಸಿ ಹೊಯ್ಸಳ ಬಲ್ಲಾಳನ ಕಥೆ ಹೇಳುವುದು ಇದೇ ಬಗೆಯದು. ಬಲ್ಲಾಳನಿಗಿಂತ ಸುಮಾರು ಮೂರು ಶತಮಾನ ಹಿಂದಿನ, ಕ್ರಿ.ಶ. ೮೯೦ರ ಸುಮಾರಿನ ಬೇಗೂರು ಶಾಸನದಲ್ಲಿಯೇ ‘ಬೆಂಗಳೂರು’ ಎಂಬ ರೂಪವಿದೆ. ಎರಡೂ ಕಡೆ ವಿವರಣೆಯನ್ನು ನಿರಾಕರಿಸುವುದು ಮೊದಲ ಪ್ರಯೋಗದ ಕಾಲವೇ. ಕಥೆಯ ಸೊಗಸು ಅದರ ಸತ್ಯಕ್ಕೆ ಪ್ರಮಾಣವಾಗದು.

೭. ಉಪಸಂಹಾರ

ಅರ್ಥ ತಿಳಿದ ಮೇಲೆ ಅನುವಾದಕನ ಮುಂದೆ ಉಳಿಯುವುದು ಪದದ ಸ್ತರದ ಪ್ರಶ್ನೆ. ಬರ್ನ್ಸ್‌ನ ‘ಡಂಕನ್ ಗ್ರೇ’ಯನ್ನು ಬಿ.ಎಂ.ಶ್ರೀಯವರು ‘ಮಾದ ಮಾದಿ’ಯಾಗಿಸಿದಾಗ ಸ್ಕಾಟ್ಸ್ ಪದಗಳ ಅರ್ಥವನ್ನಷ್ಟೇ ತರಲಿಲ್ಲ, ಅವು ಗ್ರಾಮೀಣರ ಆಡುಮಾತು ಎಂಬ ತಿಳಿವಳಿಕೆಯಿಂದ ಹಳ್ಳಿಗರ ಹೆಸರುಗಳನ್ನೂ ಹಳ್ಳಿಯ ಮಾತಿನ ಧಾಟಿಯನ್ನೂ ತಂದರು. ಪದ ಯಾರ ಬಾಯಿಯದು ಎಂಬ ಅರಿವೂ ಅರ್ಥನಿರ್ಣಯದ ಭಾಗವೆಂಬುದು ಇದರಿಂದ ವಿದಿತವಾಗುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, ಗೀತೆಯ ಪದವನ್ನು ಅರ್ಥೈಸುವವರು ಮೊದಲು ಲಭ್ಯವಿರುವ ಅತ್ಯಂತ ಹಳೆಯ ಮುದ್ರಿತ ಪಾಠವನ್ನು ನೋಡಬೇಕು, ಪದವಿಭಾಗವನ್ನು ಪರಿಶೀಲಿಸಬೇಕು, ಗೀತೆ ಯಾವ ಪ್ರದೇಶದ, ಯಾವ ಕಾಲದ, ಯಾವ ಜನವರ್ಗದ ನುಡಿಯದು ಎಂದು ಗುರುತಿಸಿ ಅದಕ್ಕೆ ತಕ್ಕ ನಿಘಂಟನ್ನು ಆರಿಸಬೇಕು, ಸಂದರ್ಭಕ್ಕೆ ತುಸುವೂ ಹೊಂದದ ಪರಿಚಿತ ಪದವನ್ನು ಅಪರಿಚಿತವೆಂದೇ ಎಣಿಸಬೇಕು. ಈ ಎಚ್ಚರ ಇಂಗ್ಲಿಷ್ ಗೀತೆಗಳಿಗೆ ಮಾತ್ರ ಸೀಮಿತವಲ್ಲ. ಕನ್ನಡ ಜನಪದ ಗೀತೆಗಳನ್ನು ಧ್ವನಿಮುದ್ರಣದಿಂದ ಲಿಪಿಗೆ ಇಳಿಸುವಾಗಲೂ ಸಂಗ್ರಾಹಕರ ಕಿವಿ ತನಗೆ ತಿಳಿದ ಪದವನ್ನೇ ಕೇಳಿಸಿಕೊಳ್ಳುವ ಸಾಧ್ಯತೆಯಿರುತ್ತದೆ. ಹಾಡಿದವರು ಬದುಕಿರುವಾಗಲೇ ಅವರನ್ನು ಕೇಳಿ ಖಚಿತಪಡಿಸಿಕೊಳ್ಳದಿದ್ದರೆ, ಕರಿಯ ಹಕ್ಕಿ ಕೂಗುವ ಹಕ್ಕಿಯಾದಂತೆ, ಮೂಲಪದ ಮುದ್ರಿತ ಸಂಕಲನದಲ್ಲಿಯೇ ಸದ್ದಿಲ್ಲದೆ ಕಳೆದುಹೋಗುತ್ತದೆ.