ಮನೆಯೋ, ಶಿಶುವಿಹಾರವೋ, ಶಾಲೆಯೋ?

ಮಗುವನ್ನು ಮನೆಯಿಂದ ಹೊರಗೆ ಯಾವಾಗ ಕಳಿಸಬೇಕು, ಕಳಿಸಲೇಬೇಕೇ ಎಂಬ ವಿಷಯದಲ್ಲಿ ತಂದೆತಾಯಂದಿರಲ್ಲಿ ಒಮ್ಮತವಿಲ್ಲ. ಮಗುವಿನ ವಯಸ್ಸಿನೊಡನೆ ಈ ಚರ್ಚೆಯ ರೂಪವೂ ಬದಲಾಗುತ್ತದೆ. ಮೂರು ವರ್ಷದೊಳಗೆ ಅದು ಆರೈಕೆಯ ಪ್ರಶ್ನೆ: ಕೂಸನ್ನು ನೋಡಿಕೊಳ್ಳುವವರು ಯಾರು? ಮೂರರಿಂದ ಆರರವರೆಗೆ ಅವಸರದ ಪ್ರಶ್ನೆ: ಅಕ್ಷರ ತಿದ್ದಿಸುವುದು ಯಾವಾಗ? ಆರು ತುಂಬಿದ ಮೇಲೆ ಶಾಲೆಯದೇ ಪ್ರಶ್ನೆ: ಮನೆಯಲ್ಲಿ ಕಲಿತರೆ ಸಾಲದೇ?

ಅಜ್ಜ, ಅಜ್ಜಿ, ಚಿಕ್ಕಮ್ಮ, ಸೋದರತ್ತೆ ಎಲ್ಲರೂ ಒಂದೇ ಸೂರಿನಡಿ ಇದ್ದಾಗ ಮೊದಲ ಪ್ರಶ್ನೆ ಅಷ್ಟಾಗಿ ಕಾಡುತ್ತಿರಲಿಲ್ಲ. ತಾಯಿ ಗದ್ದೆಗೆ ಹೋದರೆ ಕೂಸು ಅಜ್ಜಿಯ ಮಡಿಲಲ್ಲಿರುತ್ತಿತ್ತು. ಕೆಲಸ ಹುಡುಕಿ ಬೆಂಗಳೂರಿಗೆ ಬಂದ ದಂಪತಿಗೆ ಆ ಆಸರೆಯಿಲ್ಲ. ಒಬ್ಬರು ಕೆಲಸ ಬಿಟ್ಟು ಮನೆಯಲ್ಲಿರಬೇಕು, ಊರಿಂದ ಹಿರಿಯರನ್ನು ಕರೆಸಬೇಕು, ಇಲ್ಲವೇ ಡೇ ಕೇರ್ ಹುಡುಕಬೇಕು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂದಿತು. ಮನೆಗೆಲಸದವರಿಗೆ, ಕೂಲಿಯವರಿಗೆ ಈ ರಕ್ಷಣೆ ಮುಟ್ಟುವುದು ಅಪರೂಪ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳು ಈ ಕೊರತೆಯನ್ನು ಒಂದಿಷ್ಟು ತುಂಬಲು ಹೊರಟ ಯೋಜನೆ.

ಎಳೆಯ ಕೂಸಿಗೆ ಮನೆಯವರ ಒಡನಾಟವೇ ಬೇಕು ಎಂದು ಕೆಲವರು ನಂಬುತ್ತಾರೆ. ನಾಲ್ಕು ಮಕ್ಕಳ ನಡುವೆ ಬೆಳೆದರೆ ಮಾತು, ಹೊಂದಾಣಿಕೆ ಬೇಗ ಬರುತ್ತವೆ ಎಂದು ಇನ್ನು ಕೆಲವರು ಹೇಳುತ್ತಾರೆ. ಅಮೆರಿಕದಲ್ಲಿ 1991ರಲ್ಲಿ ಆರಂಭವಾಗಿ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹದಿಹರೆಯದವರೆಗೆ ಗಮನಿಸಿದ ದೀರ್ಘ ಅಧ್ಯಯನವೊಂದು ಇಬ್ಬರ ಮಾತಿನಲ್ಲೂ ಹುರುಳಿದೆ ಎಂದು ತೋರಿಸಿತು. ಒಳ್ಳೆಯ ಕೇಂದ್ರದಲ್ಲಿ ಬೆಳೆದವರ ಭಾಷೆ ಮತ್ತು ಕಲಿಕೆ ತುಸು ಮುಂದಿತ್ತು. ದಿನದ ಬಹುಪಾಲು ಹೊರಗಿನ ಆರೈಕೆಯಲ್ಲಿ ಕಳೆದವರಲ್ಲಿ ಹಟ, ಜಗಳಗಂಟತನ ತುಸು ಹೆಚ್ಚು ಕಂಡಿತು. ಆದರೆ ಈ ಎರಡಕ್ಕಿಂತಲೂ ಮಗುವಿನ ಬೆಳವಣಿಗೆಯ ಮೇಲೆ ಗಾಢವಾದ ಪ್ರಭಾವ ಬೀರಿದ್ದು ಮನೆಯ ವಾತಾವರಣ. ಡೇ ಕೇರ್‌ಗೆ ಹೋಗುವ ಮಗುವಿಗೂ ಇದು ಅನ್ವಯಿಸುತ್ತದೆ: ಸಂಜೆ ಮನೆಗೆ ಬಂದಾಗ ಅದರ ಮಾತು ಕೇಳುವವರು ಇರಬೇಕು.

ಮೂರು ತುಂಬಿದ ಮಕ್ಕಳಿಗೆ ಹಳ್ಳಿಯಲ್ಲಿ ಅಂಗನವಾಡಿ, ಪೇಟೆಯಲ್ಲಿ ಮಾಂಟೆಸರಿ ಅಥವಾ ಎಲ್‌ಕೆಜಿ ಸಾಮಾನ್ಯ ದಾರಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಅಂಗನವಾಡಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಯ ಜೊತೆಗೆ ಶಾಲಾಪೂರ್ವ ಕಲಿಕೆಯೂ ಅದರ ಹೊಣೆ. ಆದರೂ ಇಂಗ್ಲಿಷ್ ಕಲಿಸುವುದಿಲ್ಲ, ಬರೀ ಆಟ ಆಡಿಸುತ್ತಾರೆ ಎಂದು ಹಲವು ಪೋಷಕರು ಸಾಲ ಮಾಡಿಯಾದರೂ ಕಾನ್ವೆಂಟಿನ ಬಾಗಿಲು ತಟ್ಟುತ್ತಾರೆ.

‘ಬರೀ ಆಟ’ ಎಂದು ತಳ್ಳಿಹಾಕುವ ಈ ಕ್ರಮದ ಹಿಂದೆ ದೊಡ್ಡ ಚಿಂತನೆಯಿದೆ. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ ಮಕ್ಕಳನ್ನು ಹೆದರಿಕೆಯಿಂದ ಬಿಡಿಸಿ ಕಥೆ, ಹಾಡು, ಕೈಕೆಲಸದ ಮೂಲಕ ಕಲಿಸಿದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಮಾರಿಯಾ ಮಾಂಟೆಸರಿ ಯುದ್ಧದ ವರ್ಷಗಳುದ್ದಕ್ಕೂ ಭಾರತದಲ್ಲೇ ಉಳಿದು ಶಿಕ್ಷಕರನ್ನು ತರಬೇತುಗೊಳಿಸಿದರು. ಪೆನ್ಸಿಲ್ ಹಿಡಿಯುವ ಮುನ್ನ ಬೆರಳು ಪಳಗಬೇಕು, ಓದುವ ಮುನ್ನ ಮಾತು ಬೆಳೆಯಬೇಕು ಎಂಬುದು ಈ ಮಾರ್ಗದ ತಿರುಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆ ಆಟದ ಮೂಲಕವೇ ನಡೆಯಬೇಕೆನ್ನುತ್ತದೆ. ಆದರೂ ಅವಸರ ಹಿಂಗಿಲ್ಲ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಜಾರಿಯಾಗುವ ಹೊತ್ತಿಗೆ, ಯುಕೆಜಿ ಮುಗಿಸಿದ ಮಕ್ಕಳ ಒಂದು ವರ್ಷ ಹಾಳಾಗುತ್ತದೆ ಎಂದು ಪೋಷಕರು ಅಲವತ್ತುಕೊಂಡರು. ಕರ್ನಾಟಕ ಸರ್ಕಾರ 2025-26ರ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಕೊಟ್ಟಿತು.

ಈ ಧಾವಂತಕ್ಕೆ ಬೇಸತ್ತ ಕೆಲವರು ಶಾಲೆಯನ್ನೇ ಬಿಟ್ಟು ಹೋಂ ಸ್ಕೂಲಿಂಗ್ ಆರಿಸಿಕೊಳ್ಳುತ್ತಾರೆ. ಶಾಲೆಯ ಭಯ, ಹೋಂವರ್ಕಿನ ಹೊರೆ, ದುಬಾರಿ ಶುಲ್ಕ, ಮಗುವಿನ ವಿಶೇಷ ಅಗತ್ಯ, ಸಂಗೀತ ಅಥವಾ ಕ್ರೀಡೆಗೆ ಬೇಕಾದ ಸಮಯ ಹೀಗೆ ಕಾರಣಗಳು ಹಲವು. ಇವರಲ್ಲೂ ಎರಡು ಪಂಥಗಳಿವೆ. ಒಂದು ಪಠ್ಯಪುಸ್ತಕ, ವೇಳಾಪಟ್ಟಿ ಇಟ್ಟುಕೊಂಡು ಮನೆಯಲ್ಲೇ ಪಾಠ ಹೇಳುತ್ತದೆ. ಇನ್ನೊಂದು ಅಮೆರಿಕದ ಶಿಕ್ಷಣ ಚಿಂತಕ ಜಾನ್ ಹೋಲ್ಟ್ ಅವರ ವಿಚಾರಗಳನ್ನು ಅನುಸರಿಸಿ, ಮಗುವಿನ ಕುತೂಹಲ ಕರೆದೊಯ್ದ ಕಡೆಗೇ ಕಲಿಕೆಯನ್ನು ಬಿಡುತ್ತದೆ.

ಇದನ್ನು ಒಪ್ಪದವರ ಆತಂಕಗಳೂ ಗಟ್ಟಿಯಾದವೇ. ಬೇರೆ ಜಾತಿ, ಭಾಷೆ, ಅಂತಸ್ತಿನ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕೂರುವುದೂ ಶಿಕ್ಷಣವೇ. ಮನೆಯಲ್ಲಿ ಅದು ಸಿಗುವುದು ಕಷ್ಟ. ಕಲಿಸುವ ಹೊರೆ ಹೆಚ್ಚಾಗಿ ತಾಯಿಯ ಹೆಗಲಿಗೇ ಬೀಳುತ್ತದೆ. ಬಡ ಮನೆಯಲ್ಲಿ ಶಾಲೆ ಬಿಟ್ಟ ಮಗು, ಅದರಲ್ಲೂ ಹೆಣ್ಣುಮಗು, ದುಡಿಮೆಗೋ ಎಳೆಯ ವಯಸ್ಸಿನ ಮದುವೆಗೋ ಸಿಲುಕಬಹುದು. ಬಿಸಿಯೂಟ, ಶಿಕ್ಷಕರ ಕಣ್ಣು, ಹಾಜರಿ ಪುಸ್ತಕ ಅಂಥ ಮಗುವಿಗೆ ಕಾವಲಿದ್ದಂತೆ.

ಕಾನೂನಿನಲ್ಲಿ ಈ ವಿಷಯ ಅಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ; ಸೇರಿಸದ ಪೋಷಕರಿಗೆ ಶಿಕ್ಷೆಯನ್ನೇನೂ ವಿಧಿಸುವುದಿಲ್ಲ. ಮನೆಶಿಕ್ಷಣಕ್ಕೆ ಅದು ಮಾನ್ಯತೆ ಕೊಟ್ಟಿಲ್ಲ, ಹೆಸರಿಸಿ ನಿಷೇಧಿಸಿಯೂ ಇಲ್ಲ. ಮನೆಯಲ್ಲಿ ಕಲಿತವರು ಸಾಮಾನ್ಯವಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪರೀಕ್ಷೆ ಬರೆಯುತ್ತಾರೆ. ಹದಿನಾಲ್ಕು ತುಂಬಿದವರು ಅದರ ಹತ್ತನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು.

ಹೀಗಾಗಿ ನಿರ್ಧಾರಕ್ಕೆ ಮೊದಲು ಮನೆಯವರು ಕೂತು ಲೆಕ್ಕ ಹಾಕಬೇಕಾದ ಸಂಗತಿಗಳು ಕೆಲವೇ: ಮಗುವಿನೊಡನೆ ದಿನಕ್ಕೆ ಎಷ್ಟು ಹೊತ್ತು ಕಳೆಯಲು ಸಾಧ್ಯ, ಒಬ್ಬರ ಸಂಬಳ ಬಿಟ್ಟು ಸಂಸಾರ ನಡೆದೀತೇ, ಆಟಕ್ಕೆ ಓರಗೆಯವರು ಸಿಗುತ್ತಾರೆಯೇ, ಹೊರೆಯನ್ನು ಗಂಡಹೆಂಡತಿ ಇಬ್ಬರೂ ಹೊರುತ್ತಾರೆಯೇ. ಲೆಕ್ಕ ತಪ್ಪಿದರೆ ಹಿಂದಿರುಗುವ ದಾರಿಯೂ ಇದೆ. ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದದ್ದನ್ನು ತುಂಬಿಕೊಳ್ಳಲು ವಿಶೇಷ ತರಬೇತಿ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ.