ಎರಡು ಮೌನಗಳ ನಡುವೆ ಬಿ.ಪಿ.

ಬಿ.ಪಿ. ನೋಡುವಾಗ ಡಾಕ್ಟರು ನಮ್ಮ ಮೊಣಕೈ ಮಡಿಕೆಗೆ ಸ್ಟೆತಾಸ್ಕೋಪ್ ಒತ್ತಿ ಏನನ್ನು ಆಲಿಸುತ್ತಾರೆ? ಹೃದಯದ ಬಡಿತವನ್ನಲ್ಲ! ರಕ್ತ ಸರಾಗವಾಗಿ ಹರಿಯುತ್ತಿರುವಾಗ ಅಲ್ಲಿ ಸದ್ದೇ ಇರುವುದಿಲ್ಲ. ತೋಳಿಗೆ ಸುತ್ತಿದ ಪಟ್ಟಿ ಬಿಗಿದು ಹರಿವು ಪೂರ್ತಿ ನಿಂತಾಗಲೂ ಸದ್ದಿಲ್ಲ. ಸದ್ದು ಹುಟ್ಟುವುದು ಈ ಎರಡು ಮೌನಗಳ ನಡುವೆ ಮಾತ್ರ!

ಪಟ್ಟಿಯ ಗಾಳಿಯನ್ನು ಮೆಲ್ಲಗೆ ಬಿಡುತ್ತಾ ಬಂದ ಹಾಗೆ, ಹೃದಯ ಹಿಂಡಿಕೊಂಡ ರಭಸಕ್ಕೆ ರಕ್ತ ಅಮುಕಿದ ನಾಳದೊಳಗೆ ಒಮ್ಮೆ ನುಗ್ಗುತ್ತದೆ: ಟಪ್! ಆ ಕ್ಷಣ ಮಾಪಕದ ಪಾದರಸ 120ರಲ್ಲಿದ್ದರೆ ಅದೇ ಮೇಲಿನ ಸಂಖ್ಯೆ. ಟಪ್, ಟಪ್, ಟಪ್... ಸದ್ದು ಅಡಗಿದಾಗ 80 ಇತ್ತೇ? ಅದು ಕೆಳಗಿನದು. ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡಾಗಲೂ ನಾಳದಲ್ಲಿ ಉಳಿದಿರುವ ಒತ್ತಡ.

1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಪ್ರಕಟಿಸಿದ ಪ್ರಯೋಗ ಓದಿದರೆ ಮೈ ಜುಮ್ಮೆನ್ನುತ್ತದೆ. ಹೆಣ್ಣುಕುದುರೆಯ ರಕ್ತನಾಳಕ್ಕೆ ಅವರು ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲೆ ಏರಿತ್ತು! 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಸುತ್ತುವ ಪಟ್ಟಿ ತಂದರು. ನಾಡಿ ಹಿಡಿದು ನೋಡಿ ಅವರು ಅಳೆಯುತ್ತಿದ್ದದ್ದು ಮೇಲಿನ ಸಂಖ್ಯೆಯನ್ನು. ಯುದ್ಧದಲ್ಲಿ ಗಾಯಗೊಂಡವರ ರಕ್ತನಾಳಗಳಿಗೆ ಕಿವಿಗೊಟ್ಟು ಪಳಗಿದ ರಷ್ಯಾದ ಯುವ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ಆ ಸದ್ದನ್ನು ಹಿಡಿದರು. ಅದನ್ನು ತಿಳಿಸಿದ ಅವರ ವರದಿ ತೀರಾ ಪುಟ್ಟದು. ಕೆಳಗಿನ ಸಂಖ್ಯೆ ಹೀಗೆ ಸುಲಭವಾಗಿ ಕೈಗೆ ಸಿಕ್ಕಿತು!

120 ಮಿಲಿಮೀಟರ್ ಎಂದರೆ ಅಲ್ಪವೆನಿಸಬಹುದು. ಆದರೆ ಪಾದರಸ ನೀರಿಗಿಂತ 13.6 ಪಟ್ಟು ಭಾರ. ಅದರ ಜಾಗದಲ್ಲಿ ರಕ್ತವೇ ಇದ್ದಿದ್ದರೆ ಸುಮಾರು ಒಂದೂವರೆ ಮೀಟರ್ ಏರುತ್ತಿತ್ತು. ಈ ರಭಸದ ಹೊಡೆತವನ್ನು ನಾಳಗಳು ದಿನಕ್ಕೆ ಸುಮಾರು ಒಂದು ಲಕ್ಷ ಸಲ ತಾಳಿಕೊಳ್ಳುತ್ತವೆ! ಒತ್ತಡ ವರ್ಷಗಟ್ಟಲೆ ಹೆಚ್ಚೇ ಇದ್ದರೆ ಮಿದುಳು, ಮೂತ್ರಪಿಂಡ, ಕಣ್ಣು, ಹೃದಯ ಎಲ್ಲವೂ ಸೊರಗುತ್ತವೆ. ಆದರೂ ಬಹಳಷ್ಟು ಜನರಿಗೆ ತಲೆನೋವೂ ಬರುವುದಿಲ್ಲ, ಸುಸ್ತೂ ಆಗುವುದಿಲ್ಲ.

ಬಿ.ಪಿ. ಸಂಖ್ಯೆ ಎಷ್ಟು ಸೂಕ್ಷ್ಮವೆಂದರೆ, ಅಳೆಯುವಾಗ ಮಾತಾಡಿದರೂ ಏರುತ್ತದೆ. ಕಾಲ ಮೇಲೆ ಕಾಲು ಹಾಕಿದರೆ, ಮೂತ್ರ ಕಟ್ಟಿಕೊಂಡಿದ್ದರೆ, ಆಗಷ್ಟೇ ಕಾಫಿ ಕುಡಿದಿದ್ದರೆ ಆಗಲೂ ಏರುತ್ತದೆ. ಆದ್ದರಿಂದ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂತು, ತೋಳನ್ನು ಹೃದಯದ ಮಟ್ಟದಲ್ಲಿ ಇರಿಸಿ ನೋಡಿಸಿಕೊಳ್ಳಬೇಕು. ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟುತ್ತಿದ್ದರೆ ಬಿ.ಪಿ. ಹೆಚ್ಚಿದೆ ಎಂದರ್ಥ.

ಇಳಿಸುವ ದಾರಿ ಅಡುಗೆಮನೆಯಿಂದಲೇ ಶುರು. ಉಪ್ಪು ನೀರನ್ನು ಮೈಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ನಾಳಗಳ ಮೇಲಿನ ಒತ್ತಡ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಈ ಲೆಕ್ಕದಲ್ಲೇ ಬರಬೇಕು! ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ, ತೂಕದ ಮೇಲೆ ಹಿಡಿತ, ಬೀಡಿ-ಸಿಗರೇಟು ಮತ್ತು ಮದ್ಯಕ್ಕೆ ವಿದಾಯ, ಇವೂ ಬೇಕು.

ಮಾತ್ರೆ ನುಂಗುತ್ತಿರುವವರಲ್ಲಿ ಒಂದು ಕಳಕಳಿಯ ವಿನಂತಿ: ಬಿ.ಪಿ. ನಾರ್ಮಲ್ ಆಯಿತೆಂದು ನೀವಾಗಿಯೇ ಮಾತ್ರೆ ಬಿಡಬೇಡಿ. ಅದು ನಾರ್ಮಲ್ ಆಗಿರುವುದು ಆ ಮಾತ್ರೆಯಿಂದಲೇ ಇರಬಹುದು, ಡಾಕ್ಟರನ್ನು ಕೇಳಿ. ಇನ್ನೂ ನೋಡಿಸಿಕೊಳ್ಳದವರು ಈ ವಾರವೇ ಒಮ್ಮೆ ತೋಳು ಚಾಚಿ.