ನಿಮಗಿದು ಗೊತ್ತೇ? ಸಕುರಾ ನೋಡಲು ಹೊರಡುವ ಮುನ್ನ

ಸಕುರಾ, ಅಂದರೆ ಚೆರ್ರಿ ಹೂ ನೋಡಬೇಕೆಂದು ಹಣ ಕೂಡಿಟ್ಟು, ಜಪಾನಿಗೆ ಟಿಕೆಟ್ ತೆಗೆದು, ಒಂದು ವಾರ ತಡವಾಗಿ ಇಳಿದು ಬರೀ ಎಲೆ ನೋಡಿ ಮರಳುವುದು ತುಂಬ ಬೇಸರದ ಸಂಗತಿ. ಕ್ಯಾಲೆಂಡರ್ ನೋಡಿ ಹೂ ಬಿಡುವ ಮರ ಇದಲ್ಲ. ಚಳಿ, ಬಿಸಿಲು, ಊರಿನ ಎತ್ತರ, ಮರದ ತಳಿ ಎಲ್ಲ ಸೇರಿ ಅದರ ದಿನವನ್ನು ಗೊತ್ತುಮಾಡುತ್ತವೆ. ಹೊರಡುವವರಿಗೆ ಈ ಸಂಗತಿಗಳು ತಿಳಿದಿರಲಿ.

● ಟೋಕಿಯೊದಲ್ಲಿ ಸಕುರಾ ಅರಳಿತು ಎಂದು ಸಾರುವ ಮೊದಲು ಹವಾಮಾನ ಸಂಸ್ಥೆಯವರು ನೋಡುವುದು ಒಂದೇ ಒಂದು ಮರವನ್ನು. ಯಾಸುಕುನಿ ದೇಗುಲದ ಆವರಣದಲ್ಲಿರುವ ಆ ಮರದಲ್ಲಿ ಐದಾರು ಹೂ ಬಿರಿದರೆ ಸಾಕು, ಊರಿಗೆಲ್ಲ ಸುದ್ದಿ. ಶೇ 80ರಷ್ಟು ಮೊಗ್ಗು ಅರಳಿದರೆ ಮರ ಪೂರ್ತಿ ಅರಳಿದೆ ಎಂದು ಲೆಕ್ಕ. ಎರಡರ ನಡುವೆ ಸುಮಾರು ಒಂದು ವಾರದ ಅಂತರ. ನೀವು ತಲುಪಬೇಕಾದದ್ದು ಮೊದಲ ಸುದ್ದಿಯ ದಿನಕ್ಕಲ್ಲ, ಪೂರ್ತಿ ಅರಳುವ ಹೊತ್ತಿಗೆ.

● 2023ರಲ್ಲಿ ಟೋಕಿಯೊದ ಮೊದಲ ಹೂ ಮಾರ್ಚ್ 14ಕ್ಕೇ ಬಿರಿಯಿತು. ಮರುವರ್ಷ ಮಾರ್ಚ್ 29ರವರೆಗೆ ಕಾಯಿಸಿತು. ಅದೇ ಮರ, ಹದಿನೈದು ದಿನಗಳ ವ್ಯತ್ಯಾಸ! ಹೋದ ವರ್ಷ ಹೋಗಿಬಂದವರ ತಾರೀಖನ್ನು ನಂಬಿ ಟಿಕೆಟ್ ತೆಗೆಯಬೇಡಿ.

● ಜಪಾನಿನ ನಗರಗಳಲ್ಲಿ ಹೆಚ್ಚಾಗಿ ಕಾಣುವ ತಳಿ ‘ಸೊಮೆಯ್ ಯೊಶಿನೊ’. ಈ ಮರಗಳೆಲ್ಲ ಕಸಿ ಕಟ್ಟಿ ಬೆಳೆಸಿದವು, ಹಾಗಾಗಿ ಅವುಗಳ ವಂಶವಾಹಿ ಒಂದೇ. ಒಂದೂರಿನ ಮರಗಳೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುವುದು ಇದರಿಂದಲೇ. ಎಲೆ ಚಿಗುರುವ ಮೊದಲೇ ಹೂ ಬರುವುದರಿಂದ ಇಡೀ ಮರ ಹೂವಿನಿಂದಲೇ ತುಂಬಿರುತ್ತದೆ.

● ಮಾರ್ಚಿನಲ್ಲಿ ಅರಳುವ ಹೂವಿನ ಮೊಗ್ಗು ಮೂಡುವುದು ಹಿಂದಿನ ಬೇಸಿಗೆಯಲ್ಲಿ. ಆಮೇಲೆ ಅದು ಮಲಗಿಬಿಡುತ್ತದೆ. ಮತ್ತೆ ಏಳಬೇಕಾದರೆ ಕೆಲವು ವಾರ ಒಳ್ಳೆಯ ಚಳಿ ತಾಗಬೇಕು. ದಕ್ಷಿಣದ ಬೆಚ್ಚನೆಯ ಕಾಗೊಶಿಮಾದಲ್ಲಿ ಕೆಲವು ವರ್ಷ ಟೋಕಿಯೊಗಿಂತ ತಡವಾಗಿ ಹೂ ಬಿಡುವುದಕ್ಕೆ ಚಳಿ ಸಾಲದಿರುವುದೇ ಕಾರಣ.

● ಜಪಾನಿನಲ್ಲಿ ಒಂದು ಸರಳ ಲೆಕ್ಕ ರೂಢಿಯಲ್ಲಿದೆ. ಫೆಬ್ರುವರಿ 1ರಿಂದ ಪ್ರತಿದಿನದ ಗರಿಷ್ಠ ಉಷ್ಣಾಂಶವನ್ನು ಕೂಡಿಸುತ್ತ ಹೋಗಿ. ಮೊತ್ತ 600 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಹೂ ಅರಳುವ ಕಾಲ ಬಂತೆಂದು ತಿಳಿಯಬಹುದು.

● ಸರ್ಕಾರಿ ಹವಾಮಾನ ಸಂಸ್ಥೆ ಸಕುರಾ ಮುನ್ಸೂಚನೆ ಕೊಡುವುದನ್ನು 2010ರಿಂದ ನಿಲ್ಲಿಸಿದೆ. ಅರಳಿದ ಮೇಲೆ ಘೋಷಿಸುವುದಷ್ಟೇ ಈಗ ಅದರ ಕೆಲಸ. ಮುನ್ಸೂಚನೆ ಕೊಡುವವು ಖಾಸಗಿ ಹವಾಮಾನ ಕಂಪನಿಗಳು. ಜನವರಿಯಿಂದಲೇ ಅವು ದಿನಾಂಕ ಹೇಳತೊಡಗಿ, ಆಗಾಗ ತಿದ್ದುತ್ತಿರುತ್ತವೆ. ಎರಡು ಮೂರು ಕಡೆಯ ಮುನ್ಸೂಚನೆಗಳನ್ನು ಹೋಲಿಸಿ ನೋಡುವುದು ಒಳ್ಳೆಯದು.

● ಜಪಾನಿನ ಸಕುರಾ ಕಾಲ ಒಂದು ವಾರದ್ದಲ್ಲ, ನಾಲ್ಕು ತಿಂಗಳದ್ದು! ಜನವರಿಯಲ್ಲಿ ಒಕಿನಾವಾ ದ್ವೀಪದಲ್ಲಿ ಶುರುವಾಗಿ, ಮಾರ್ಚ್ ಕೊನೆಗೆ ಟೋಕಿಯೊ ಮತ್ತು ಕ್ಯೋಟೊ ಮುಟ್ಟಿ, ಮೇ ಮೊದಲ ವಾರದಲ್ಲಿ ಹೊಕ್ಕೈಡೊದಲ್ಲಿ ಮುಗಿಯಲು ಬರುತ್ತದೆ. ದೇಶದಲ್ಲೆಲ್ಲ ಹೂ ದಕ್ಷಿಣದಿಂದ ಉತ್ತರಕ್ಕೆ ಸಾಗಿದರೆ, ಒಕಿನಾವಾದಲ್ಲಿ ಮಾತ್ರ ಉತ್ತರದಿಂದ ದಕ್ಷಿಣಕ್ಕೆ. ಮೊದಲು ಚಳಿ ತಾಗುವುದು ಅಲ್ಲಿನ ಉತ್ತರ ಭಾಗಕ್ಕೆ.

● ಫೆಬ್ರುವರಿಯಲ್ಲಷ್ಟೇ ರಜೆ ಸಿಗುವುದೇ? ಇಜು ಪರ್ಯಾಯದ್ವೀಪದ ಕವಾಜು ಊರಿಗೆ ಹೋಗಿ. ಅಲ್ಲಿನ ‘ಕವಾಜು ಜಕುರಾ’ ತಳಿ ಫೆಬ್ರುವರಿಯಲ್ಲೇ ಗಾಢ ಗುಲಾಬಿ ಬಣ್ಣದಲ್ಲಿ ಅರಳಿ, ಸುಮಾರು ಒಂದು ತಿಂಗಳು ಇರುತ್ತದೆ.

● ನಾರಾ ಪ್ರಾಂತ್ಯದ ಯೊಶಿನೊ ಬೆಟ್ಟದಲ್ಲಿ ಸುಮಾರು 30,000 ಚೆರ್ರಿ ಮರಗಳಿವೆ. ಬುಡ, ನಡು, ಮೇಲು, ಒಳಬೆಟ್ಟ ಎಂಬ ನಾಲ್ಕು ಭಾಗಗಳಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಹತ್ತುತ್ತ ಹೋಗುತ್ತದೆ. ಬುಡದಲ್ಲಿ ಉದುರಿದ್ದರೂ ಮೇಲೆ ಅರಳಿರಬಹುದು. ಏಪ್ರಿಲ್‌ನಲ್ಲಿ ತಡವಾಗಿ ಬಂದವರು ಮೊದಲು ನೆನೆಯಬೇಕಾದ ಜಾಗ ಇದು.

● ಕ್ಯೋಟೊದಲ್ಲೂ ತಡವಾಗಿ ಬಂದವರಿಗೆ ಒಂದು ದಾರಿಯುಂಟು. ನಿನ್ನಾ-ಜಿ ದೇಗುಲದ ‘ಒಮುರೊ’ ಚೆರ್ರಿ ಏಪ್ರಿಲ್ ನಡುವಿನ ಹೊತ್ತಿಗೆ ಅರಳುತ್ತದೆ. ಮರಗಳು ಗಿಡ್ಡ, ಹೂ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ.

● ಒಸಾಕಾದ ಸರ್ಕಾರಿ ಟಂಕಸಾಲೆ ಏಪ್ರಿಲ್‌ನಲ್ಲಿ ಒಂದು ವಾರ ತನ್ನ ಚೆರ್ರಿ ದಾರಿಯನ್ನು ಸಾರ್ವಜನಿಕರಿಗೆ ತೆರೆಯುತ್ತದೆ. 1883ರಲ್ಲಿ ಶುರುವಾದ ಪದ್ಧತಿ. ಅಲ್ಲಿರುವ ನೂರಕ್ಕೂ ಹೆಚ್ಚು ತಳಿಗಳಲ್ಲಿ ಬಹುಪಾಲು ತಡವಾಗಿ ಅರಳುವ, ಹಲವು ಸುತ್ತು ಎಸಳಿರುವ ಹೂಗಳು. ಜಪಾನಿನ 100 ಯೆನ್ ನಾಣ್ಯದ ಮೇಲೂ ಚೆರ್ರಿ ಹೂವಿದೆ.

● ಉತ್ತರದ ಹಿರೊಸಾಕಿ ಕೋಟೆಯ ಸುತ್ತ ಸುಮಾರು 2,600 ಮರಗಳಿವೆ. ಅಲ್ಲಿಯವರು ಸೇಬಿನ ಗಿಡ ಸವರುವ ಕೌಶಲವನ್ನೇ ಚೆರ್ರಿಗೂ ಬಳಸುವುದರಿಂದ ಕೊಂಬೆಗಳಲ್ಲಿ ಹೂ ಒತ್ತೊತ್ತಾಗಿ ಬರುತ್ತದೆ. ಏಪ್ರಿಲ್ ಕೊನೆಯಲ್ಲಿ ಉದುರಿದ ಎಸಳು ಕಂದಕದ ನೀರನ್ನೇ ಹಾಸಿನಂತೆ ಮುಚ್ಚುತ್ತದೆ. ಉದುರಿದ ಮೇಲೂ ನೋಡಲು ಹೋಗಬಹುದಾದ ಊರು!

● ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿಗೆ ‘ಗೋಲ್ಡನ್ ವೀಕ್’, ರಜೆಗಳ ಸಾಲು. ಉತ್ತರದ ಹೂವಿಗೆಂದು ಆ ದಿನಗಳಲ್ಲಿ ಹೋಗುವವರು ರೈಲು ಮತ್ತು ಹೋಟೆಲ್ ತೀರಾ ಮೊದಲೇ ಕಾದಿರಿಸಬೇಕು.

● ಏಳು ದಿನಗಳ ಜಪಾನ್ ರೈಲ್ ಪಾಸ್ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನಲ್ಲಿ ಹೋಗಿಬರಲು ಸುಮಾರು 28,000 ಯೆನ್ ಸಾಕು. ಅಷ್ಟೇ ಪ್ರಯಾಣವಿದ್ದರೆ ಬಿಡಿ ಟಿಕೆಟ್ಟೇ ಅಗ್ಗ.

● ಸಸ್ಯಾಹಾರಿಗಳಿಗೂ ಒಂದು ಸಕುರಾ ತಿಂಡಿಯಿದೆ. ‘ಸಕುರಾ ಮೋಚಿ’ ಎಂದರೆ ಕೆಂಪು ಕಾಳಿನ ಸಿಹಿ ಹೂರಣಕ್ಕೆ ಅಕ್ಕಿಯ ಕವಚ, ಅದರ ಹೊರಗೆ ಉಪ್ಪಿನಲ್ಲಿ ಹಾಕಿಟ್ಟ ಚೆರ್ರಿ ಎಲೆ. ಹಸಿ ಎಲೆಗೆ ಅಷ್ಟು ಪರಿಮಳವಿಲ್ಲ. ಉಪ್ಪಿನಲ್ಲಿ ನೆನೆದಾಗ ಹುಟ್ಟುವ ಕೂಮರಿನ್ ಎಂಬ ವಸ್ತುವೇ ಅದರ ಘಮಕ್ಕೆ ಕಾರಣ.

● ಮರದಡಿ ಕೂತು ಉಣ್ಣುವ ‘ಹನಾಮಿ’ ಜನಸಾಮಾನ್ಯರಲ್ಲಿ ಹಬ್ಬಿದ್ದರಲ್ಲಿ ಅಂದಿನ ಆಡಳಿತಗಾರ, ಶೋಗನ್ ತೊಕುಗಾವಾ ಯೊಶಿಮುನೆಯ ಪಾತ್ರ ದೊಡ್ಡದು. 1720ರ ಸುಮಾರಿಗೆ ಆತ ಅಸುಕಾಯಾಮಾ ಗುಡ್ಡದಲ್ಲಿ ಚೆರ್ರಿ ನೆಡಿಸಿ ಜನರಿಗೆ ಬಿಟ್ಟುಕೊಟ್ಟ. ಇಂದು ಅದು ಟೋಕಿಯೊದ ಉದ್ಯಾನ. ಹನಾಮಿಗೆ ಕೂರುವಾಗ ಚಪ್ಪಲಿ ಹಾಸಿನ ಹೊರಗಿರಲಿ, ಕೊಂಬೆ ಎಳೆಯುವುದಾಗಲಿ ಹೂ ಕೀಳುವುದಾಗಲಿ ಬೇಡ. ಶಿಂಜುಕು ಗ್ಯೋಎನ್ ಉದ್ಯಾನದೊಳಗೆ ಮದ್ಯ ಒಯ್ಯುವಂತಿಲ್ಲ.

● ಕ್ಯೋಟೊದಲ್ಲಿ ಹೂ ಅರಳಿದ ದಿನಗಳ ದಾಖಲೆ ಕ್ರಿ.ಶ. 812ರವರೆಗೂ ಹಿಂದಕ್ಕೆ ಹೋಗುತ್ತದೆ. ರಾಜರ ಮತ್ತು ಭಿಕ್ಷುಗಳ ದಿನಚರಿಗಳಿಂದ ಇವನ್ನು ಹೆಕ್ಕಿ ಜೋಡಿಸಿದವರು ವಿಜ್ಞಾನಿ ಯಾಸುಯುಕಿ ಅಓನೊ. 2021ರಲ್ಲಿ ಮಾರ್ಚ್ 26ಕ್ಕೆ ಪೂರ್ತಿ ಅರಳಿ, ಅತಿ ಬೇಗ ಅರಳಿದ್ದೆಂದು 1409ರಿಂದ ಉಳಿದಿದ್ದ ದಾಖಲೆಯನ್ನು ಹೂ ಮುರಿಯಿತು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಈ ಮರಗಳೇ ಸಾಕ್ಷಿ. ಹಳೆಯ ಪ್ರವಾಸ ಪುಸ್ತಕಗಳ ತಾರೀಖು ಈಗ ಹೊಂದುವುದಿಲ್ಲ.

● ಅಮೆರಿಕದಲ್ಲಿರುವ ಕನ್ನಡಿಗರಿಗೆ ವಾಷಿಂಗ್ಟನ್ ಹತ್ತಿರ. 1910ರಲ್ಲಿ ಜಪಾನಿನಿಂದ ಬಂದ 2,000 ಸಸಿಗಳಲ್ಲಿ ಕೀಟ, ರೋಗ ಕಂಡು ಅವನ್ನು ಸುಡಬೇಕಾಯಿತು. ಟೋಕಿಯೊ ಮತ್ತೆ 3,020 ಸಸಿ ಕಳಿಸಿತು. 1912ರ ಮಾರ್ಚ್ 27ರಂದು ನೆಡುವ ಕೆಲಸ ಶುರುವಾಯಿತು. ಅಲ್ಲಿ ಶೇ 70ರಷ್ಟು ಹೂ ಅರಳಿದರೆ ಭರ್ತಿ ಎನ್ನುತ್ತಾರೆ.

● ಪಾಸ್‌ಪೋರ್ಟ್ ಇಲ್ಲದವರಿಗೆ ಶಿಲ್ಲಾಂಗ್ ಇದೆ. ಅಲ್ಲಿನ ಹಿಮಾಲಯದ ಕಾಡು ಚೆರ್ರಿ ಅರಳುವುದು ವಸಂತದಲ್ಲಲ್ಲ, ನವೆಂಬರ್‌ನಲ್ಲಿ. ಇನ್ನು ಬೆಂಗಳೂರಿನ ಬೀದಿಗಳನ್ನು ಗುಲಾಬಿ ಮಾಡುವ ಟಬೆಬೂಯಾ ಚೆರ್ರಿಯೇ ಅಲ್ಲ. ಅದರ ತವರು ಅಮೆರಿಕ ಖಂಡದ ಉಷ್ಣ ನಾಡುಗಳು.

● ಕೊನೆಯದಾಗಿ ಯೋಜನೆಯ ಮಾತು. ಭಾರತೀಯರಿಗೆ ವೀಸಾ ಬೇಕು, ಟಿಕೆಟ್ಟೂ ತಿಂಗಳುಗಳ ಮೊದಲೇ ಆಗಬೇಕು. ಹಾಗಾಗಿ ತಾರೀಖು ಬದಲಿಸುವುದು ಕಷ್ಟ. ಊರು ಬದಲಿಸುವುದು ಸುಲಭ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಟೋಕಿಯೊ ಮತ್ತು ಕ್ಯೋಟೊ ಇಟ್ಟುಕೊಳ್ಳಿ, ಹೋಟೆಲ್ ರದ್ದುಮಾಡಲು ಬರುವಂಥದ್ದಿರಲಿ. ಹೂ ಬೇಗ ಬಂದರೆ ಉತ್ತರಕ್ಕೋ ಬೆಟ್ಟಕ್ಕೋ ಹೋಗಿ, ತಡವಾದರೆ ಬೇಗ ಅರಳಿದ ಪಕ್ಕದ ಊರು ಹುಡುಕಿ. ಆ ವಾರದಲ್ಲಿ ಜಪಾನಿನ ಎಲ್ಲೋ ಒಂದು ಕಡೆ ಸಕುರಾ ಅರಳಿಯೇ ಇರುತ್ತದೆ.